ಅಲಗೊಂದು ಬಾಕಿ

ನಮ್ಮ ತಿಕೋಂಡಿ ಮಾಮಾನನ್ನು ಮೊದಲ ಸಲ ನೋಡಿದವರು ಕಾಲಿಗೆ ಬೀಳುತ್ತಾರೆ. ಎರಡನೆಯ ಸಲ ನೋಡಿದವರು ನಗುತ್ತಾರೆ. ಹಳೆಯ ಪರಿಚಯದವರು ಮಾತ್ರ ಮನೆಯ ಚಾಕು, ಕತ್ತರಿ, ಇಳಿಗೆಗಳನ್ನೆಲ್ಲ ಒಳಗೆ ಎತ್ತಿಟ್ಟು ಬಂದು, ಆಮೇಲೆ "ಬರ್ರಿ, ಕುಂದ್ರಿ" ಎನ್ನುತ್ತಾರೆ. ಅಷ್ಟು ಭಯಂಕರ ಮನುಷ್ಯನೇ ಎಂದು ನೀವು ಕೇಳಬಹುದು. ಹಾಗಾದರೂ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು! ಎತ್ತಿಡುವುದು ನಮ್ಮ ಜೀವ ಉಳಿಸಿಕೊಳ್ಳಲು ಅಲ್ಲ. ಕಣ್ಣಿಗೆ ಒಂದು ಚಾಕು ಬಿದ್ದರೆ ಸಾಕು, ಆತ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ.

ಮಾಮಾ ನನ್ನ ಅವ್ವನ ತಮ್ಮ. ಲಗ್ನವಾಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ತಿಕೋಂಡಿಗೆ ಹೋಗಿ ಅವನ ಜೊತೆಗೇ ಇದ್ದಾಳೆ. ನಾನು ಇತ್ತ, ಅದೇ ಮರಾಠಿ ಗಡಿಯ ಸಂಖದಲ್ಲಿ, ತಹಶೀಲ ಕಚೇರಿಯ ಹತ್ತಿರ ಒಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡು, ಗಂಡ ಮತ್ತು ಒಬ್ಬಳೇ ಮಗಳ ಜೊತೆ ಸಂಸಾರ ಮಾಡಿಕೊಂಡಿದ್ದೇನೆ. ಇಷ್ಟು ತಿಳಿದರೆ ನಮ್ಮ ಮನೆತನ ನಿಮಗೆ ಪೂರ್ತಿ ತಿಳಿದ ಹಾಗೆ.

ಜನ ಕಾಲಿಗೆ ಬೀಳುವುದಕ್ಕೆ ಕಾರಣ ಅವನ ಗಡ್ಡ. ಎದೆ ದಾಟಿ ಹೊಟ್ಟೆಯ ಹತ್ತಿರ ಬಂದ ಬಿಳಿ ಗಡ್ಡ, ಹಿಂದೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಕೂದಲು. ಇದು ವೈರಾಗ್ಯದಿಂದ ಬೆಳೆದದ್ದು ಎಂದು ತಿಳಿದವರೆಲ್ಲ ಮೋಸ ಹೋದರು. ಒಮ್ಮೆ ಬಸ್ಸಿನಲ್ಲಿ ಒಬ್ಬಾಕೆ ಕೆಮ್ಮುವ ಕೂಸನ್ನು ತಂದು ಇವನ ಕಾಲಬಳಿ ಮಲಗಿಸಿ, "ಅಪ್ಪಾರ, ಅಂಗಾರ ಕೊಡ್ರಿ" ಎಂದಳಂತೆ. ಇವನ ಜೇಬಿನಲ್ಲಿ ದೇವರ ಬೂದಿ ಎಲ್ಲಿಂದ ಬರಬೇಕು? ಇದ್ದದ್ದು ಶುಂಠಿ ಪೆಪ್ಪರಮಿಂಟು. ಅದನ್ನೇ ಕೊಟ್ಟ. ಮುಂದಿನ ವಾರ ಆಕೆ ತೆಂಗಿನಕಾಯಿ ಹಿಡಿದುಕೊಂಡು ಅದೇ ಬಸ್ಸಿಗೆ ಕಾದು ನಿಂತಿದ್ದಳು. ಕೆಮ್ಮು ಹೋಗಿತ್ತಂತೆ. ಆವತ್ತಿನಿಂದ ಆ ಬಸ್ಸಿನ ಕಂಡಕ್ಟರು ಕೂಡ ಇವನಿಗೆ ಕಿಟಕಿ ಸೀಟು ಹಿಡಿದಿಡುತ್ತಾನೆ.

ಹರಿತ ಎನ್ನುವುದು ಎಲ್ಲಿದೆಯೋ ಅಲ್ಲಿ ನಮ್ಮ ಮಾಮಾ ಇಲ್ಲ. ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ರೊಟ್ಟಿಯ ಜೊತೆ ತಿನ್ನುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಇವನು ಕುಂಬಳಕಾಯಿಯನ್ನೂ ಹಾಗೇ ಒಡೆಯುತ್ತಾನೆ! ಬದನೆಕಾಯಿಯನ್ನು ಕೈಯಿಂದ ಮುರಿಯುತ್ತಾನೆ. ಉಗುರನ್ನು ಬಾವಿಕಟ್ಟೆಯ ಕಲ್ಲಿಗೆ ತಿಕ್ಕುತ್ತಾನೆ. ಹೊಸ ಅಂಗಿ ತಂದರೆ ಅದರ ದಾರ ಹರಿಯಲು ಹಲ್ಲು. "ಹಲ್ಲೂ ಹರಿತನ ಅಲ್ಲೇನೋ ಮಾಮಾ?" ಎಂದು ಕೇಳಿದರೆ ಬಾಯಿ ಮುಚ್ಚಿಕೊಂಡು ಎರಡು ದಿನ ಗಂಜಿ ಕುಡಿದ. ಆಮೇಲೆ ನಾನೇ ಹೋಗಿ, ಹಲ್ಲಿಗೆ ಮಾಫಿ ಐತಿ ಎಂದು ಸಮಾಧಾನ ಮಾಡಬೇಕಾಯಿತು.

ಇಂಥವನ ಉದ್ಯೋಗ ಚಿತ್ರ ಬರೆಯುವುದು. ಅಂಗಡಿಯ ಬೋರ್ಡು, ಟ್ರ್ಯಾಕ್ಟರಿನ ಟ್ರೇಲರು, ಸಾಲಿಯ ಗೋಡೆ, ಗುಡಿಯ ಒಳಗೋಡೆ, ಏನು ಕೊಟ್ಟರೂ ಬರೆಯುತ್ತಾನೆ, ಮರಾಠಿ ಕನ್ನಡ ಎರಡರಲ್ಲೂ ಅಕ್ಷರ ಮುದ್ದು. ಪೆನ್ಸಿಲಿನ ಮೊನೆಯನ್ನು ಉಸುಕಿನ ಕಾಗದಕ್ಕೆ ಉಜ್ಜಿ ಉಜ್ಜಿ ತೆಗೆಯುತ್ತಾನೆ. ಅಷ್ಟರಲ್ಲಿ ನಮಗೆ ಎರಡು ಸಲ ಚಹಾ ಆಗಿರುತ್ತದೆ. ಮುಚ್ಚಂಡಿಯ ಕಡೆ ಒಂದು ಗುಡಿಯಲ್ಲಿ ವೀರಭದ್ರ ದೇವರ ಚಿತ್ರ ಬರೆಯಲು ಕರೆದಿದ್ದರು. ಮೀಸೆ, ಕಣ್ಣು, ರುದ್ರಾಕ್ಷಿ, ಕಾಲಲ್ಲಿ ಗೆಜ್ಜೆ, ಎಲ್ಲ ಬಂತು, ನೋಡಿದವರು ಕೈ ಮುಗಿಯಬೇಕು ಹಾಗೆ. ಆದರೆ ದೇವರ ತಲವಾರು ಮಾತ್ರ ಒರೆಯೊಳಗೆ ಇತ್ತು. ಊರ ಹಿರಿಯರು ತಲೆ ಕೆರೆದುಕೊಂಡು, "ಇದೇನ್ರೀ, ವೀರಭದ್ರ ತಲವಾರ ಹಿರೀಲಾರದ ಹೆಂಗ?" ಎಂದರು.

"ಯುದ್ಧ ಮುಗದೈತ್ರಿ" ಎಂದ ಮಾಮಾ. "ಈಗ ಆರಾಮ ನಿಂತಾನ."

ಇಂದಿಗೂ ಆ ಗುಡಿಯಲ್ಲಿ ವೀರಭದ್ರ ಆರಾಮ ನಿಂತಿದ್ದಾನೆ.

ಲಗ್ನ ಯಾಕಾಗಲಿಲ್ಲ ಎಂದು ನೀವು ಕೇಳುವ ಮುಂಚೆ ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಮದುಮಗನ ಕೈಯಲ್ಲಿ ಒಂದು ಕಟಾರಿ ಕೊಡುತ್ತಾರೆ, ಅದರ ತುದಿಗೆ ಒಂದು ನಿಂಬೆಹಣ್ಣು ಚುಚ್ಚಿರುತ್ತಾರೆ. ಅರಿಷಿಣ ಹಚ್ಚಿದಾಗಿನಿಂದ ಅಕ್ಷತೆ ಬೀಳುವ ತನಕ ಮದುಮಗ ಅದನ್ನು ಕೈಬಿಡುವಂತಿಲ್ಲ. ಉಣ್ಣುವಾಗಲೂ ಎಡಗೈಯಲ್ಲಿ ಅದು ಇರಬೇಕು. ಗಾಳಿ ದೆವ್ವ ಸೋಕಬಾರದೆಂದು ಹಿಂದಿನಿಂದ ಬಂದ ಪದ್ಧತಿ. ಮಾಮಾನ ಅರಿಷಿಣದ ದಿನ ಕಟಾರಿ ಕೊಡಲು ಹೋದರೆ ಆತ ಕೈ ಹಿಂದೆ ಕಟ್ಟಿಕೊಂಡು, "ನಿಂಬಿಹಣ್ಣ ಹಿಡೀತೀನಿ, ಕಟಾರಿ ಒಲ್ಲೆ" ಎಂದನಂತೆ. ಎರಡೂ ಕಡೆಯ ಹಿರಿಯರು ಬೈದರು, ಕಾಡಿದರು, ಕಾಲು ಹಿಡಿದರು. ಇವನು ಜಪ್ಪಯ್ಯ ಎನ್ನಲಿಲ್ಲ. ಕಡೆಗೆ ಹೆಣ್ಣಿನ ತಂದೆ ರುಮಾಲು ಕೊಡವಿ ಎದ್ದ. "ಕಟಾರಿ ಹಿಡೀಲಾಕ ಹೆದರವ ನನ್ನ ಮಗಳ ಕೈ ಏನ ಹಿಡದಾನು?" ಎಂದು ಬಂದ ಗಾಡಿಯಲ್ಲೇ ಹೊರಟುಹೋದ. ಹಂದರ ತುಂಬ ನಗು, ಅಳು, ಬೈಗುಳ. ಮಾಮಾ ಮಾತ್ರ ಆ ನಿಂಬೆಹಣ್ಣನ್ನು ತಂದು ನನಗೆ ಆಡಲು ಕೊಟ್ಟನಂತೆ. ಆಗ ನಾನು ಇನ್ನೂ ಅಂಬೆಗಾಲಿಡುವ ಕೂಸು.

ಇನ್ನೊಂದು ವಿಚಿತ್ರ ಇದೆ. ಇವನಿಗೆ ಎಲ್ಲಾದರೂ ತಗಡು ತಾಗಿ ಬೆರಳು ಕೊಯ್ದರೆ, ಮುಳ್ಳುಬೇಲಿ ತರಚಿದರೆ, ಮೊದಲು ನನಗೆ ಫೋನು ಮಾಡುತ್ತಾನೆ. ಅಂಗಡಿಯಲ್ಲಿ ಹೊಲದ ಉತಾರ ನಕಲು ಮಾಡಿಸುವವರ ಸಾಲು ನಿಂತಿರುತ್ತದೆ, ಮಷೀನಿನಲ್ಲಿ ಕಾಗದ ಸಿಕ್ಕಿಕೊಂಡಿರುತ್ತದೆ, ಆಗ ಇವನ ಕರೆ.

"ಯವ್ವಾ, ಅರಾಮ ಅದೀಯಲ್ಲ?"

"ಅರಾಮ ಅದೀನಿ. ಯಾಕೋ?"

"ತಲಿಗಿಲಿ ತಿರಗವಲ್ದಲ್ಲ? ಎಡವಿ ಬಿದ್ದಿಲ್ಲಲ್ಲ?"

"ಏನೂ ಆಗಿಲ್ಲ ಮಾಮಾ. ನಿನಗೇನಾಗೈತಿ?"

"ನನಗೇನಿಲ್ಲ ಬಿಡ. ಬೆರಳಿಗೆ ತಗಡ ಬಡದು ಸ್ವಲ್ಪ ನೆತ್ತರ ಬಂದೈತಿ."

ಬೆರಳು ಕೊಯ್ದದ್ದು ಇವನದು, ಆರಾಮ ಕೇಳುವುದು ನನ್ನದು! ಇಂಥವನ ಜೊತೆ ಏನು ಮಾತಾಡುತ್ತೀರಿ? ಅರಿಷಿಣ ಹಚ್ಚಿಕೋ ಎಂದು ಹೇಳಿ ಫೋನು ಇಡುತ್ತಿದ್ದೆ.

ಹೀಗೆ ನಗುನಗುತ್ತ ಹೋಗುತ್ತಿದ್ದ ಕಥೆಗೆ ಈ ವರ್ಷ ಒಂದು ಚಿಂತೆ ಅಂಟಿಕೊಂಡಿತು. ಮಾಮಾನ ಹೊಟ್ಟೆಯ ಕೆಳಗೆ ಒಂದು ಗಂಟು ಎದ್ದಿತು. ಏಣಿ ಹತ್ತಿದರೆ ಉಬ್ಬುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ನಾನು ಎಳೆದುಕೊಂಡು ಹೋಗಿ ವಿಜಾಪುರದ ಡಾಕ್ಟರಿಗೆ ತೋರಿಸಿದೆ. ಹರ್ನಿಯಾ ಎಂದರು. ಕರುಳು ಇಳಿದಿದೆ, ಆಪರೇಶನ್ ಮಾಡಿಸಿದರೆ ಏನೂ ಭಯವಿಲ್ಲ, ಮಾಡಿಸದಿದ್ದರೆ ಒಂದು ದಿನ ಅದು ಸಿಕ್ಕಿಹಾಕಿಕೊಂಡೀತು, ಆಗ ಜೀವಕ್ಕೇ ಬಂದೀತು ಎಂದು ತಿಳಿಸಿ ಹೇಳಿದರು. ಮಾಮಾ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದ. ಹೊರಗೆ ಬಂದು, "ಡಾಕ್ಟರು ಭಾಳ ಚಲೋ ಮನಷ್ಯಾ" ಎಂದ. ಆಮೇಲೆ ಒಂದು ಬಟ್ಟೆಯ ಪಟ್ಟಾ ತಂದು ಹೊಟ್ಟೆಗೆ ಬಿಗಿದುಕೊಂಡು ಮತ್ತೆ ಏಣಿ ಹತ್ತಿದ.

ಅವತ್ತಿನಿಂದ ನನಗೆ ಊಟ ರುಚಿಸಲಿಲ್ಲ. ಅವನ "ಅರಾಮ ಅದೀಯಲ್ಲ?" ಬರುವುದು ತಡವಾದರೆ ನಾನೇ ಫೋನು ಮಾಡುತ್ತಿದ್ದೆ. ಆಪರೇಶನ್ ಎಂದರೆ ಆತ, ಜ್ವಾಳ ಬಿತ್ತನಿ ಆಗ್ಲಿ ಎನ್ನುತ್ತಿದ್ದ. ಬಿತ್ತುವುದಕ್ಕೆ ಇವನ ಹೆಸರಲ್ಲಿ ಒಂದು ಗುಂಟೆ ಹೊಲವೂ ಇಲ್ಲ!

ಅಂಥ ಹೊತ್ತಿನಲ್ಲಿ ನನ್ನ ಮಗಳು ಪಲ್ಲವಿ ಒಂದು ತಲವಾರು ತಂದಳು.

ಖರೆ ತಲವಾರು ಅಲ್ಲ, ಗಾಬರಿಯಾಗಬೇಡಿ. ಫೋನಿನ ಆಟದೊಳಗಿನದು. ಹೈಸ್ಕೂಲಿಗೆ ಹೋಗುವ ಹುಡುಗಿ, ಪುಸ್ತಕಕ್ಕಿಂತ ಫೋನು ಹೆಚ್ಚು. ಆ ಆಟದಲ್ಲಿ ಯಾವುದೋ ಹಿಮದ ಗುಡ್ಡದ ತುದಿಗೆ ಒಂದು ತಲವಾರು ಇದೆಯಂತೆ. ಹಿಡಿಕೆಗೆ ಎರಡು ತಲೆಯ ಹಾವು, ನಡುವೆ ಕಣ್ಣು ಬಿಡುವ ಹರಳು, ಉದ್ದಕ್ಕೂ ನೀಲಿ ಬೆಂಕಿ. ಅದು ಸಿಗಬೇಕಾದರೆ ಎಷ್ಟೋ ರಾಕ್ಷಸರನ್ನು ಹೊಡೆಯಬೇಕು. ಇವಳಿಗೆ ಸಿಕ್ಕಿತು. ಮನೆಯಲ್ಲಿ ಹಬ್ಬವೇ ಹಬ್ಬ.

ಖಂಡೇನವಮಿ ಹತ್ತಿರ ಬಂದಿತ್ತು. ಆ ದಿನ ನಮ್ಮಲ್ಲಿ ಎಲ್ಲರೂ ತಮ್ಮ ತಮ್ಮ ಹತ್ಯಾರಕ್ಕೆ ಪೂಜೆ ಮಾಡುತ್ತಾರೆ. ಕುಡಗೋಲು, ಕೊಡಲಿ, ಟ್ರ್ಯಾಕ್ಟರು, ನನ್ನ ಝೆರಾಕ್ಸ್ ಮಷೀನು, ಎಲ್ಲಕ್ಕೂ ಕುಂಕುಮ, ಚೆಂಡು ಹೂವು, ನಿಂಬೆಹಣ್ಣು. ಪೂಜೆಯಾದ ಮೇಲೆ ಆ ದಿನ ಯಾವುದನ್ನೂ ಕೆಲಸಕ್ಕೆ ಹಚ್ಚುವಂತಿಲ್ಲ. ನಾನು ಉಪಾಯ ಮಾಡಿ, "ನಿನ್ನ ಹತ್ಯಾರ ಅಂದ್ರ ಫೋನು. ಅದನ್ನ ಪೂಜಾಕ್ಕ ಇಡು" ಎಂದೆ, ಒಂದು ದಿನವಾದರೂ ಮನೆಯಲ್ಲಿ ಶಾಂತಿ ಇರಲಿ ಎಂದು.

"ಫೋನ ಬರೇ ಪೆಟಗಿ, ಆಯಿ. ಹತ್ಯಾರ ಒಳಗೈತಿ" ಎಂದಳು ಮಗಳು. "ಮುತ್ಯಾನ ಕಡೆ ನನ್ನ ತಲವಾರದ ಚಿತ್ರಾ ತಗಸ್ತೀನಿ. ಅದಕ್ಕ ಪೂಜಾ."

ಮುತ್ಯಾ ಎಂದರೆ ಮಾಮಾ. ಕತ್ತಿ ಎಂದರೆ ಹೊಸ್ತಿಲು ದಾಟದವನ ಮುಂದೆ ಇವಳು ಹೋಗಿ ಫೋನು ಹಿಡಿದಳು. ಆತ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದ. ಒಲ್ಲೆ ಎನ್ನುತ್ತಾನೆ ಎಂದು ನಾನು ಕಾದೆ. ಆತ, "ತಗೀತೀನಿ. ಆದ್ರ ಭಾಳ ದಿನಾ ಹಿಡೀತೈತಿ" ಎಂದ. ಹೇಳುವಾಗ ನನ್ನ ಕಡೆ ಓರೆಗಣ್ಣಲ್ಲಿ ನೋಡಿದ. ಆ ನೋಟದ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು.

ಮರುದಿನದಿಂದ ಆಪರೇಶನ್ ಮಾತು ತೆಗೆದರೆ ಒಂದೇ ಉತ್ತರ. "ಕೂಸಿನ ತಲವಾರ ಮುಗೀಲೆವಾ. ಕೈಯಾಗಿನ ಕೆಲಸ ಅರ್ಧಾ ಬಿಟ್ಟ ಹೆಂಗ ಮಲಗಲಿ?" ಮಗಳು ಬೇರೆ, ಖರೆ ಅಳತೆಯದೇ ಬೇಕು ಎಂದಳು. ಆಟದಲ್ಲಿ ಅದು ಹಿಡಿದವನಿಗಿಂತ ಎತ್ತರ. ಮಾಮಾ ನನ್ನ ಅಂಗಡಿಯಿಂದ ಹಾಳೆ ಒಯ್ದು, ಒಂದಕ್ಕೊಂದು ಅಂಟಿಸಿ, ನಮ್ಮ ಪಡಸಾಲೆಯಲ್ಲೇ ಹಾಸಿದ. ಊಟಕ್ಕೆ ಬರುವವರು ಗೋಡೆಗೆ ಬೆನ್ನು ಹಚ್ಚಿ ನಡೆಯಬೇಕು. ಅವ್ವನೂ ಅವನ ಹಿಂದೆ ಬಂದು ನಮ್ಮಲ್ಲೇ ಉಳಿದಳು. ಮಾಮಾ ಹಾಳೆಯ ಮೇಲೆ ಬೋರಲು ಮಲಗಿ ಬರೆಯುತ್ತಿದ್ದ, ಮಧ್ಯೆ ಮಧ್ಯೆ ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದ. ನಾನು ಅಡುಗೆಮನೆಯಿಂದ ನೋಡಿ ನೋಡಿ ರೊಟ್ಟಿ ಸುಡುತ್ತಿದ್ದೆ.

ಅವನ ಚಿಂತೆಗಳೇ ಬೇರೆ.

"ಪಲ್ಲೂ, ಇದಕ್ಕ ಬೆಂಕಿ ಹತ್ತೈತಿ. ವರಿಯಾಗ ಹೆಂಗ ಇಡತಾನ?"

"ವರಿ ಇಲ್ಲ ಮುತ್ಯಾ. ಬೆನ್ನಿಗೆ ಕಟ್ಕೋತಾನ."

"ಅಂಗಿ ಸುಡೂದಿಲ್ಲೇನು?"

"ಇದು ಆಟ ಮುತ್ಯಾ."

"ಆಟದಾಗ ಆದ್ರೂ ಅವನೂ ಯಾರರೆ ಹಡದ ಮಗಾನ ಅಲ್ಲ?"

ಎಂದು ಹೇಳಿ, ಹಿಡಿಕೆಗೆ ಒಂದು ದಪ್ಪ ಬಟ್ಟೆ ಸುತ್ತಿದ. ಕೈ ಜಾರಬಾರದೆಂದು ಹಗ್ಗದ ಕುಣಿಕೆ ಬರೆದ. ಹಾವಿನ ಹಲ್ಲು ಹಿಡಿದವನಿಗೆ ಚುಚ್ಚಬಾರದೆಂದು ಎರಡೂ ಬಾಯಿ ಮುಚ್ಚಿಸಿದ. ಜಗತ್ತಿನ ಯಾವ ರಾಕ್ಷಸನೂ ಇಷ್ಟು ಕಾಳಜಿಯ ತಲವಾರಿನಿಂದ ಸತ್ತಿರಲಾರ.

ಅಷ್ಟರಲ್ಲಿ ಎಲ್ಲೋ ಹುಡುಗರು ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕೊಯ್ದು, ಫೋಟೊ ಹಾಕಿಕೊಂಡು, ಪೊಲೀಸರ ಕೈಗೆ ಸಿಕ್ಕ ಸುದ್ದಿ ಮಾಮಾನ ಕಿವಿಗೆ ಬಿತ್ತು. ರಾತ್ರಿಯ ಊಟ ಬಿಟ್ಟ. ಬೆಳಿಗ್ಗೆ ಎದ್ದು, ಯಾರಿಗೂ ಹೇಳದೆ, ಹಾಳೆ ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಪೊಲೀಸರ ಹತ್ತಿರ ಹೋದ. ಮನೆಯಲ್ಲಿ ತಲವಾರು ಇಟ್ಟುಕೊಳ್ಳಲು ಪರವಾನಗಿ ಬೇಕೇ ಎಂದು ಮರಾಠಿಯಲ್ಲಿ ವಿಚಾರಿಸಿದ. ಹವಾಲ್ದಾರರು ಕುರ್ಚಿಯಿಂದ ಎದ್ದೇ ನಿಂತರಂತೆ. ಸುರುಳಿ ಬಿಚ್ಚಿಸಿ ನೋಡಿ, "ಅಜ್ಜಾ, ಇದು ಏನಾದರೂ ಕೊಯ್ಯುತ್ತದೆಯೇ?" ಎಂದು ಕೇಳಿದರು.

"ಇಲ್ಲ ಸಾಹೇಬರ, ಇನ್ನೂ ಧಾರ ಹಚ್ಚಿಲ್ಲ" ಎಂದು ಬಂದ ಮಾಮಾ.

ಅದು ಚೇಷ್ಟೆಯ ಮಾತಲ್ಲ ಎಂದು ನಾನು ಚಿತ್ರ ನೋಡಿದಾಗ ತಿಳಿಯಿತು. ಹಿಡಿಕೆ ಮುಗಿದಿತ್ತು, ಹರಳು ಮಿಂಚುತ್ತಿತ್ತು, ನೀಲಿ ಬೆಂಕಿ ಏರಿತ್ತು. ಆದರೆ ಬೆಂಕಿಯ ನಡುವೆ ಅಲಗಿನ ಗೆರೆ ಎಲ್ಲಿಯೂ ಇಲ್ಲ. ಅಲಗು ಇರಬೇಕಾದಲ್ಲಿ ಖಾಲಿ ಹಾಳೆ. ನವಮಿ ನಾಳೆ ಎನ್ನುವಾಗಲೂ ಅಷ್ಟೆ. ಮಗಳು ಮುಖ ಊದಿಸಿಕೊಂಡಳು. "ಒಂದ ಗೆರಿ ಮುತ್ಯಾ. ಮ್ಯಾಲಿಂದ ಕೆಳಗ ಒಂದ ಗೆರಿ" ಎಂದು ಗೋಗರೆದಳು. ಆತ ಪೆನ್ಸಿಲನ್ನು ಉಸುಕಿನ ಕಾಗದಕ್ಕೆ ತಿಕ್ಕುತ್ತಲೇ ಇದ್ದ. ಪೆನ್ಸಿಲು ಸವೆದು ಗಿಡ್ಡವಾಯಿತು, ಗೆರೆ ಬೀಳಲಿಲ್ಲ.

ನವಮಿಯ ಬೆಳಿಗ್ಗೆ. ಅಂಗಡಿಯ ಮಷೀನಿಗೆ ಹಾರ ಬಿದ್ದಿತ್ತು. ನಮ್ಮವರು, ಅದೇ ನನ್ನ ಗಂಡ, ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿದ್ದರು. ಪಡಸಾಲೆಯಲ್ಲಿ ಕುಡಗೋಲು, ಕೊಡಲಿ, ಇಳಿಗೆ ಸಾಲಾಗಿ ಕೂತಿದ್ದವು, ಗೋಡೆಗೆ ಅಲಗಿಲ್ಲದ ತಲವಾರು. ವರ್ಷಕ್ಕೊಮ್ಮೆ ಈ ದಿನ ಮಾತ್ರ ಮಾಮಾ ಹತ್ಯಾರಗಳ ಮಧ್ಯೆ ಹೆದರದೆ ಓಡಾಡುತ್ತಾನೆ. "ಇವತ್ತ ಇವು ಯಾರಿಗೂ ಏನೂ ಮಾಡೂದಿಲ್ಲ" ಎಂದು ಕೊಡಲಿಗೆ ತಾನೇ ಹೂವು ಏರಿಸುತ್ತಾನೆ. ಅವತ್ತೂ ಹೂವು ಏರಿಸಲು ಬಾಗಿದ. ಹಾಗೇ ಕುಸಿದ.

ಗಂಟು ಕಲ್ಲಿನಂತೆ ಬಿಗಿದಿತ್ತು. ಎರಡು ಸಲ ವಾಂತಿ ಆಯಿತು. ಮುಖದ ಬಣ್ಣವೇ ಹೋಗಿತ್ತು. ಡಾಕ್ಟರು ಹೇಳಿದ್ದು ಇದೇ ಎಂದು ನನಗೆ ಗೊತ್ತಾಯಿತು. ಪಕ್ಕದ ಮನೆಯವರ ಜೀಪು ಆಗಷ್ಟೆ ಪೂಜೆ ಮುಗಿಸಿ ನಿಂತಿತ್ತು. ಪಲ್ಲವಿಯನ್ನು ಅವರ ಮನೆಯಲ್ಲಿ ಬಿಟ್ಟು, ಮಾಮಾನನ್ನು ಅದರಲ್ಲಿ ಮಲಗಿಸಿ, ಅವ್ವನನ್ನೂ ಕೂರಿಸಿಕೊಂಡು ನಾನೂ ನಮ್ಮವರೂ ವಿಜಾಪುರದ ದಾರಿ ಹಿಡಿದೆವು. ನರಳುವುದರ ನಡುವೆಯೂ ಆತ, "ಪೂಜಾ ಆದ ಗಾಡಿ ಹೊಂಡಿಸಬಾರದರೀ" ಎನ್ನುತ್ತಿದ್ದ. ಮುಂದೆ ಹೂವಿನ ಹಾರ ಗಾಳಿಗೆ ಹಾರುತ್ತಿತ್ತು. ಎದುರು ಬಂದ ಜನ ಮದುವೆಯ ಗಾಡಿ ಎಂದುಕೊಂಡು ದಾರಿ ಬಿಟ್ಟರು.

ದವಾಖಾನೆಯಲ್ಲಿ ಡಾಕ್ಟರು ನೋಡಿದ್ದೇ ಈಗಲೇ ಕೊಯ್ಯಬೇಕು, ತಡ ಮಾಡುವಂತಿಲ್ಲ ಎಂದರು. ಮಾಮಾ ಮಂಚದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡ. "ಒಲ್ಲೆ. ಇವತ್ತ ಹತ್ಯಾರ ಮುಟ್ಟಬಾರದು." ನಾಳೆ ಆದರೆ ಏನೂ ಉಳಿಯುವುದಿಲ್ಲ ಎಂದರು ಡಾಕ್ಟರು. "ನಾಳೇನೂ ಒಲ್ಲೆ" ಎಂದ. ನಮ್ಮವರು ಬೈದರು. ನರ್ಸಮ್ಮ ಪುಸಲಾಯಿಸಿದರು. ನಾನು ಕೈಮುಗಿದೆ. ಆತ ನನ್ನ ಮುಖವನ್ನೇ ನೋಡುತ್ತ, ತಲೆ ಅಲ್ಲಾಡಿಸುತ್ತ, ಬೆವರುತ್ತಿದ್ದ. ಎಂಥ ಹೇಡಿ ಇವನು, ಹೆದರಿ ಹೆದರಿ ಸಾಯುತ್ತಾನಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು.

ಆಗ ಅವ್ವ ನನ್ನ ರಟ್ಟೆ ಹಿಡಿದು ಹೊರಗೆ, ನೀರಿನ ನಳದ ಹತ್ತಿರ, ಎಳೆದುಕೊಂಡು ಹೋದಳು.

"ಅವಗ ಬೈಬ್ಯಾಡ. ಅವಾ ತನ್ನ ಸಲುವಾಗಿ ಅಂಜಾಕತ್ತಿಲ್ಲ" ಎಂದಳು. "ನೀ ಹೊಟ್ಟ್ಯಾಗ ಅಡ್ಡ ಆಗಿದ್ದಿ. ಇದ ಊರಿಗೆ ನನ್ನ ತಂದಿದ್ರು. ಕೊಯ್ದ ತಗೀಬೇಕು, ಇಬ್ಬರೂ ಉಳಿಯೂದು ಕಠಿಣ ಐ‌ತಿ ಅಂದ್ರು. ನಿಮ್ಮಪ್ಪ ಇನ್ನೂ ಬಂದಿರಲಿಲ್ಲ. ಇವಾ ಒಬ್ಬನ ಬಾಗಲದಾಗ ಕುಂತಿದ್ದ. ಮೀಸಿ ಚಿಗರೂ ವಯಸ್ಸು. ವೀರಭದ್ರಗ ಹರಕಿ ಹೊತ್ತ. ಈ ಒಂದ ಕತ್ತಿ ಇವರಿಬ್ಬರನ್ನ ಉಳಿಸಿ ಕೊಡ್ಲಿ, ಮುಂದ ನನ್ನ ಜನ್ಮದಾಗ ನಾ ಕತ್ತಿ ಹಿಡಿಯೂದಿಲ್ಲ, ನನ್ನ ಮೈಗೂ ಸೋಕಸೂದಿಲ್ಲ ಅಂತ. ಸೋಕಿದ್ರ ಉಳದದ್ದು ಹೋಗ್ತೈತಿ ಅಂತ ತಿಳದಾನ."

"ಉಳದದ್ದು ಅಂದ್ರ?"

"ನಾವಿಬ್ಬರೂ. ಅದರಾಗೂ ನೀನವಾ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿದ್ದ. ಇವತ್ತ ಮುರದೆ."

ನಳದಿಂದ ನೀರು ಸುರಿಯುತ್ತಿತ್ತು. ಯಾರೋ ಬಿಂದಿಗೆ ಇಟ್ಟು ಹೋಗಿದ್ದರು, ಅದು ತುಂಬಿ ಹರಿಯುತ್ತಿತ್ತು. ಗಡ್ಡ, ಗುದ್ದಿ ಒಡೆದ ಕುಂಬಳಕಾಯಿ, ಒರೆಯೊಳಗಿನ ದೇವರ ತಲವಾರು, ಬೆರಳು ಕೊಯ್ದಾಗಲೆಲ್ಲ ಬಂದ ಫೋನು, ಮುರಿದುಹೋದ ಲಗ್ನ. ಆ ಹಂದರದಲ್ಲಿ ಕಟಾರಿ ಹಿಡಿದಿದ್ದರೆ ಅವನಿಗೂ ಹೆಂಡತಿ ಮಕ್ಕಳು ಇರುತ್ತಿದ್ದರು. ಹಿಡಿಯಲಿಲ್ಲ. ಅದರ ನಿಂಬೆಹಣ್ಣು ಬಿಚ್ಚಿ ತಂದು ನನ್ನ ಕೈಗೆ ಕೊಟ್ಟ. ನನಗೆ ಅಳು ಬಂತು. ಆದರೆ ಅಳುವುದಕ್ಕೆ ಹೊತ್ತಿರಲಿಲ್ಲ.

ಒಳಗೆ ಹೋದೆ. ಅವನ ತಲೆಯ ಹತ್ತಿರ ಕುಳಿತೆ. ಏನು ಹೇಳಬೇಕು ಎಂದು ನನಗೆ ತಿಳಿದಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ.

"ಮಾಮಾ, ಇವತ್ತ ಏನು ದಿನ?"

"ಖಂಡೇನವಮಿ."

"ಪೂಜಾ ಆದ ಮ್ಯಾಲ ಕೊಡ್ಲಿ ಏನಾಗ್ತೈತಿ?"

"ದೇವರ."

"ಕುಡಗೋಲು?"

"ದೇವರ."

"ಡಾಕ್ಟರ ಚಾಕು?"

ಆತ ಕಣ್ಣು ಸಣ್ಣದು ಮಾಡಿ ನನ್ನನ್ನು ನೋಡಿದ.

"ಕತ್ತಿ ಸೋಕಸೂದಿಲ್ಲ ಅಂತ ಬೇಡ್ಕೊಂಡಿದ್ದಿ" ಎಂದೆ. "ದೇವರನ್ನ ಸೋಕಸೂದಿಲ್ಲ ಅಂತ ಬೇಡ್ಕೊಂಡಿಲ್ಲಲ್ಲ? ನಾಳೆ ಆದ್ರ ಅದು ಕತ್ತಿ. ಇವತ್ತ ಅದು ವೀರಭದ್ರನ ಕೈ."

ಹೊಟ್ಟೆಯ ನೋವು ಅವನ ಮುಖದ ಮೇಲೆ ಬಂದು ಹೋಗುತ್ತಿತ್ತು. ಆಮೇಲೆ ಡಾಕ್ಟರ ಕಡೆ ಕತ್ತು ತಿರುಗಿಸಿ, "ಸಾಹೇಬರ, ನಿಮ್ಮ ಹತ್ಯಾರಕ್ಕ ಪೂಜಾ ಆಗೈತ್ರಿ?" ಎಂದು ಕೇಳಿದ.

ಡಾಕ್ಟರು ಅವಸರದಲ್ಲಿದ್ದರು, ಸಿಡುಕಬಹುದಿತ್ತು. ಸಿಡುಕಲಿಲ್ಲ. ಆಪರೇಶನ್ ಕೋಣೆಯ ಬಾಗಿಲಿಗೆ ಕಟ್ಟಿದ ಚೆಂಡು ಹೂವಿನ ಹಾರವನ್ನು ತೋರಿಸಿ, "ಮುಂಜಾನೆನ ಆಗೈತ್ರಿ ಅಜ್ಜಾರ" ಎಂದರು.

ಮಾಮಾನ ಕೈ ಸರಳನ್ನು ಬಿಟ್ಟಿತು. "ಅಕ್ಕ ಹೇಳಿದ್ಲೇನು?" ಎಂದ ನನಗೆ. ಹೂಂ ಎಂದೆ. "ನಿನಗೇನೂ ಆಗೂದಿಲ್ಲಲ್ಲ?" ಎಂದ. ಆಗುವುದಿಲ್ಲ ಎಂದು ಅವನ ತಲೆ ಮುಟ್ಟಿ ಹೇಳಿದೆ. "ಹಂಗಾರ ನಡ್ರಿ" ಎಂದು ಕಣ್ಣು ಮುಚ್ಚಿದ.

ಬಾಗಿಲು ಮುಚ್ಚಿದ ಮೇಲೆ ನಾನು ಬೆಂಚಿನ ಮೇಲೆ ಕುಳಿತೆ. ನನ್ನನ್ನು ಹೊಟ್ಟೆಯಿಂದ ತೆಗೆದಾಗ ಆತ ಕುಳಿತಿದ್ದದ್ದೂ ಇಂಥದೇ ಒಂದು ಬಾಗಿಲ ಮುಂದೆ. ನನಗೂ ಏನಾದರೂ ಬೇಡಿಕೊಳ್ಳಬೇಕು ಅನ್ನಿಸಿತು. ಏನು ಬಿಡಲಿ, ಏನು ಕೊಡಲಿ ಎಂದು ಯೋಚಿಸುತ್ತಲೇ ಹೊತ್ತು ಹೋಯಿತು. ಅವನಷ್ಟು ಧೈರ್ಯ ನನಗೆ ಬರಲಿಲ್ಲ. ಬರೀ ಉಳಿಸು, ಉಳಿಸು ಎಂದುಕೊಂಡೆ.

ಉಳಿಸಿದ. ಸಂಜೆಯ ಹೊತ್ತಿಗೆ ಮಾಮಾ ಕಣ್ಣು ಬಿಟ್ಟ. ಕಣ್ಣು ಆಚೀಚೆ ಹುಡುಕಿ ನನ್ನ ಮೇಲೆ ನಿಂತಿತು. ಹೊಟ್ಟೆ ಮುಟ್ಟಿ ನೋಡಿಕೊಳ್ಳಲಿಲ್ಲ, ನೀರು ಕೇಳಲಿಲ್ಲ. ಒಣಗಿದ ತುಟಿ ಅಲ್ಲಾಡಿಸಿ, "ಯವ್ವಾ, ಅರಾಮ ಅದೀಯಲ್ಲ?" ಎಂದ. ಇಷ್ಟು ವರ್ಷ ಫೋನಿನಲ್ಲಿ ಕೇಳಿಸಿಕೊಂಡ ಮಾತು. ಅವನ ಕೈ ಹಿಡಿದು ನನ್ನ ತಲೆಯ ಮೇಲೆ ಇಟ್ಟುಕೊಂಡೆ.

ಹಬ್ಬ ಮುಗಿದು, ಬನ್ನಿ ಹಂಚಿ, ಊರೆಲ್ಲ ಕೆಲಸಕ್ಕೆ ಹತ್ತಿದ ಮೇಲೆ ಆತನನ್ನು ಸಂಖಕ್ಕೆ ಕರೆತಂದೆವು. ನಮ್ಮ ಗೋಡೆಯ ಮೇಲೆ ತಲವಾರು ಹಾಗೇ ಇತ್ತು, ಮುಂದೆ ಒಣಗಿದ ಚೆಂಡು ಹೂವು. ಪೂಜೆ ಮುಗಿಸಲು ಮಗಳು ಬಿಟ್ಟಿರಲಿಲ್ಲ. ಮಾಮಾ ಗೋಡೆ ಹಿಡಿದು ನಿಂತು ಅದನ್ನು ನೋಡಿದ. "ದೇವರ ತಾನ ಬಂದು ಮುಟ್ಟಿ ಹೋದ. ಇನ್ನ ಒಂದ ಗೆರಿ ಎಳದ್ರ ಏನಾದೀತು?" ಎಂದ. ಕೇಳಿದ್ದು ಯಾರನ್ನೋ ಗೊತ್ತಿಲ್ಲ. ಪಲ್ಲವಿ ಓಡಿಹೋಗಿ ಶಾರ್ಪನರಿನಿಂದ ಚೂಪು ಮಾಡಿದ ಪೆನ್ಸಿಲು ತಂದಳು. ಆತ ಬೇಡ ಎನ್ನಲಿಲ್ಲ. ಆದರೆ ಹಾಳೆಗೆ ಕೈ ಹಚ್ಚುವ ಮುಂಚೆ ನನ್ನ ಕಡೆ ತಿರುಗಿದ.

"ಎದರಿಗೆ ಬಂದು ಕುಂದ್ರು."

"ಯಾಕೋ ಮಾಮಾ?"

"ಕುಂದ್ರು ಅಂದ್ರ ಕುಂದ್ರು."

ಅಂಗಡಿಯ ಬಾಗಿಲಲ್ಲಿ ಗಿರಾಕಿಗಳು ಕೂಗುತ್ತಿದ್ದರು. ನಾನು ಗೋಡೆಯ ಪಕ್ಕ, ಅವನಿಗೆ ಕಾಣುವ ಹಾಗೆ, ಕುಳಿತೆ. ಆತ ತುದಿಯಿಂದ ಗೆರೆ ಹಿಡಿದ. ಅಕ್ಷರದ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆಯುವ ಕೈ ಅದು. ಆವತ್ತು ಗೇಣು ಗೇಣಿಗೆ ನಿಲ್ಲುತ್ತಿತ್ತು. ಹಾಳೆಯನ್ನು ನೋಡಿದ್ದಕ್ಕಿಂತ ನನ್ನನ್ನು ನೋಡಿದ್ದೇ ಹೆಚ್ಚು.

"ಮುತ್ಯಾ, ಡೊಂಕ ಆಗಾಕತ್ತೈತಿ" ಎಂದಳು ಮಗಳು.

"ಆಗ್ಲಿ" ಎಂದ, ನನ್ನ ಮುಖದಿಂದ ಕಣ್ಣು ತೆಗೆಯದೆ.

ಗೆರೆ ಹಿಡಿಕೆಯ ತನಕ ಬಂದು ಮುಟ್ಟುವವರೆಗೂ ನಾನು ಅಲ್ಲಿಂದ ಕದಲಲಿಲ್ಲ, ನನಗೇನೂ ಆಗಿಲ್ಲ ಎಂದು ಅವನಿಗೆ ಕಾಣುತ್ತಿರಲಿ ಎಂದು.